ನಾಣ್ಯವೂ ಅದರ ಕರಡಿಗೆಯೂ

ನಾಣ್ಯದ ಸ್ವಧರ್ಮ ಸಂಚಾರ. ಟಂಕಸಾಲೆಯ ಬಾಗಿಲನ್ನು ದಾಟಿದ ದಿನ ಮೊದಲ್ಗೊಂಡು, ಸವೆದು ಮುಖ ಮಾಸಿಹೋಗುವ ದಿನದ ಪರ್ಯಂತ ಅದು ಸಂತೆಯಿಂದ ಸಂತೆಗೆ, ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಗೃಹಿಣಿಯ ಸೆರಗಿನ ಗಂಟಿಗೆ, ಅಲ್ಲಿಂದ ದೇವರ ಹುಂಡಿಗೆ ಅಲೆಯುತ್ತ, ಅಲೆದಷ್ಟೂ ತನ್ನ ಜನ್ಮವನ್ನು ಸಾರ್ಥಕಪಡಿಸಿಕೊಳ್ಳುತ್ತದೆ. ಹೀಗಿರುವಲ್ಲಿ, ಅದೇ ಸರ್ಕಾರವು ಅದೇ ಟಂಕಸಾಲೆಯಲ್ಲಿ ಅದೇ ಮುಖಬೆಲೆಯ ನಾಣ್ಯಗಳನ್ನು, ಯಾರೂ ಖರ್ಚುಮಾಡದಿರಲೆಂಬ ಉದ್ದೇಶದಿಂದಲೇ ವಿಶೇಷ ಶ್ರದ್ಧೆಯಿಂದ ಮುದ್ರಿಸಿ, ತೆಳುವಾದ ಹಾಳೆಯಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮುಖಬೆಲೆಯ ಎರಡರಷ್ಟಕ್ಕೂ ಮಿಕ್ಕ ಬೆಲೆಗೆ ತನ್ನ ಪ್ರಜೆಗಳಿಗೇ ಮಾರುವುದೆಂದರೆ, ಅರ್ಥಶಾಸ್ತ್ರದ ದೃಷ್ಟಿಗೆ ಅದೊಂದು ವಿಪರೀತ ವ್ಯಾಪಾರವೆಂದೇ ತೋರಬೇಕು.

ಆದರೂ ಈ ವ್ಯಾಪಾರವು ನಡೆದುಬಂದಿದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅದು ಬೆಳೆದಷ್ಟು ವಿಪುಲವಾಗಿ ಮತ್ತೆಲ್ಲಿಯೂ ಬೆಳೆಯಲಿಲ್ಲವೆಂದರೂ ತಪ್ಪಾಗದು. ಅದರ ಚರಿತ್ರೆಯನ್ನು ನಾಣ್ಯಗಳ ಕಡೆಯಿಂದ ಬರೆದವರು ಬಹುಮಂದಿ. ಆ ನಾಣ್ಯಗಳನ್ನು ಸುತ್ತಿಟ್ಟ ಹೊದಿಕೆಗಳ ಕಡೆಯಿಂದ ನೋಡಿದರೆ ಅದೇ ಚರಿತ್ರೆಯು ಬೇರೊಂದು ಬಗೆಯ ಅರ್ಥವನ್ನು ಕೊಡುತ್ತದೆ. ತಾನು ಯಾವ ವರ್ಷದ್ದು, ಯಾವ ಬೆಲೆಯದು ಎಂಬುದನ್ನು ನಾಣ್ಯವು ತಾನೇ ಹೇಳಬಲ್ಲುದು; ಆದರೆ ಯಾವ ಸಂಗಡಿಗರೊಡನೆ, ಯಾವ ಉದ್ದೇಶದಿಂದ ಅದು ಟಂಕಸಾಲೆಯಿಂದ ಹೊರಟಿತೆಂಬುದನ್ನು ಹೇಳಬಲ್ಲುದು ಅದರ ಹೊದಿಕೆಯೊಂದೇ. ಬಿಚ್ಚಿ ಎಸೆಯುವುದಕ್ಕೆಂದು ಮಾಡಿದ ಈ ಹೊದಿಕೆಯು ಕಾಲಕ್ರಮದಲ್ಲಿ ಸಾಕ್ಷಿಯ ಪದವಿಗೇರಿತು. ದುರ್ದೈವದಿಂದ, ಆ ಸಾಕ್ಷಿಯೇ ತನ್ನೊಳಗಿನ ನಾಣ್ಯಕ್ಕೆ ಮೆಲ್ಲಮೆಲ್ಲನೆ ಎರವಾಗತಕ್ಕ ವಸ್ತುವೂ ಆಯಿತು. ಸಂಗ್ರಾಹಕನಾದವನು ಈ ಎರಡು ಸಂಗತಿಗಳ ನಡುವೆ ಹೇಗೆ ದಾರಿ ಹುಡುಕಿದನೆಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ.

ಮೊದಲು ನಾಣ್ಯದ ಮಾತು. ಚಲಾವಣೆಯ ನಾಣ್ಯವನ್ನು ಯಂತ್ರವು ಒಂದೇ ಹೊಡೆತಕ್ಕೆ ಅಚ್ಚೊತ್ತಿ ತೊಟ್ಟಿಗೆ ಕೆಡಹುತ್ತದೆ. ಅಲ್ಲಿ ಅವು ಒಂದರ ಮೇಲೊಂದು ಬಿದ್ದು ಉಜ್ಜಿಕೊಂಡು ಹುಟ್ಟಿದ ಗಳಿಗೆಯಲ್ಲಿಯೇ ಗಾಯಗೊಳ್ಳುತ್ತವೆ. ಪ್ರೂಫ್ ಎಂದು ಕರೆಯಲ್ಪಡುವ ನಾಣ್ಯದ ಜನ್ಮವಿಧಾನವೇ ಬೇರೆ. ಅದಕ್ಕೆ ಅಚ್ಚನ್ನು ಕನ್ನಡಿಯಂತೆ ಉಜ್ಜಿ ಹೊಳಪೇರಿಸುತ್ತಾರೆ. ಬಿಲ್ಲೆಯನ್ನೂ ಹಾಗೆಯೇ ಆರಿಸಿ ಮೆರುಗುಗೊಳಿಸುತ್ತಾರೆ. ನಿಧಾನವಾದ ಒತ್ತಡದಲ್ಲಿ ಒಂದಕ್ಕಿಂತ ಹೆಚ್ಚು ಸಲ ಅಚ್ಚೊತ್ತಿ, ಕೈಯಿಂದಲೇ ಒಂದೊಂದನ್ನು ಎತ್ತಿಡುತ್ತಾರೆ. ಇದರಿಂದಾಗಿ ಬಯಲು ಭಾಗವು ಮುಖ ನೋಡಿಕೊಳ್ಳಬಹುದಾದಷ್ಟು ನಿರ್ಮಲವಾಗಿಯೂ, ಉಬ್ಬಿದ ಆಕೃತಿಯು ಅನೇಕವೇಳೆ ಮಂಜು ಕವಿದಂತೆ ಬೆಳ್ಳಗೆಯೂ ಒದಗಿಬರುತ್ತದೆ. ಇಂತಹ ವಸ್ತುವನ್ನು ಬೆರಳಿನಿಂದ ಮುಟ್ಟಿದರೂ ಕಲೆ ನಿಲ್ಲುತ್ತದೆಯಾದುದರಿಂದ, ಪ್ರೂಫ್ ನಾಣ್ಯಕ್ಕೆ ಹೊದಿಕೆಯೆಂಬುದು ಅಲಂಕಾರವಲ್ಲ. ಅದರ ಅಸ್ತಿತ್ವದ ಒಂದು ಅಂಗ.

ಈ ಸಂಪ್ರದಾಯದ ಆದಿಯಲ್ಲಿ ಕೊಳ್ಳುವ ಪ್ರಜೆಯಿರಲಿಲ್ಲ, ಪ್ರಸನ್ನಗೊಳಿಸಬೇಕಾದ ಅರಸನಿದ್ದನು. 1833ರಲ್ಲಿ ಸಯಾಮಿನೊಡನೆಯೂ ಮಸ್ಕತ್ತಿನ ಸುಲ್ತಾನನೊಡನೆಯೂ ಒಪ್ಪಂದ ಮಾಡಿಕೊಂಡಿದ್ದ ಎಡ್ಮಂಡ್ ರಾಬರ್ಟ್ಸ್ ಎಂಬ ದೂತನು, ಆ ಒಪ್ಪಂದಗಳನ್ನು ಸ್ಥಿರಪಡಿಸುವುದಕ್ಕಾಗಿ ಮರಳಿ ಹೊರಡುವ ಸಂದರ್ಭದಲ್ಲಿ, ಅಧ್ಯಕ್ಷ ಆಂಡ್ರೂ ಜ್ಯಾಕ್ಸನ್ನನ ಸರ್ಕಾರವು ರಾಷ್ಟ್ರದ ಎಲ್ಲ ಬಗೆಯ ನಾಣ್ಯಗಳ ಪೂರ್ಣ ಜೋಡಣೆಗಳನ್ನು ಉಡುಗೊರೆಗೆಂದು ಸಿದ್ಧಪಡಿಸುವಂತೆ ಫಿಲಡೆಲ್ಫಿಯದ ಟಂಕಸಾಲೆಗೆ 1834ರಲ್ಲಿ ಆಜ್ಞೆಮಾಡಿತು. ಪೂರ್ಣವೆಂದಮೇಲೆ ಬೆಳ್ಳಿಯ ಡಾಲರೂ ಇರಬೇಕಷ್ಟೆ. ಆದರೆ ಡಾಲರಿನ ಮುದ್ರಣವು ನಿಂತು ಆಗಲೇ ಮೂವತ್ತು ವರ್ಷಗಳಾಗಿದ್ದುವು. ಕೊನೆಯದಾಗಿ ಡಾಲರುಗಳು ಹೊರಬಿದ್ದ ವರ್ಷ 1804 ಎಂದು ಟಂಕಸಾಲೆಯ ಲೆಕ್ಕಪುಸ್ತಕಗಳು ಹೇಳಿದುವು. ಆ ವರ್ಷ ಅಚ್ಚಾದ ಡಾಲರುಗಳ ಮೇಲೆ ಹಿಂದಿನ ವರ್ಷಗಳ ಇಸವಿಯೇ ಇದ್ದಿತೆಂಬುದನ್ನು ಆ ಲೆಕ್ಕವು ಹೇಳಲಿಲ್ಲ. ಇದರ ಫಲವಾಗಿ, 1804ರಲ್ಲಿ ಎಂದೂ ಇಲ್ಲದಿದ್ದ 1804ರ ಡಾಲರು 1834ರಲ್ಲಿ ಅವತರಿಸಿತು.

ರಾಬರ್ಟ್ಸನು ಪೀಕಾಕ್ ಎಂಬ ಯುದ್ಧನೌಕೆಯಲ್ಲಿ ಹೊರಟನು. ಅರಬ್ಬೀ ಸಮುದ್ರದಲ್ಲಿ ಮಸೀರಾ ದ್ವೀಪದ ಬಳಿ ಹವಳದ ದಿಬ್ಬಕ್ಕೆ ತಗುಲಿ ಜರ್ಜರಿತವಾದ ಆ ಹಡಗು, 1835ರ ಕೊನೆಯ ಭಾಗದಲ್ಲಿ ಮುಂಬಯಿಯ ಹಡಗುಕಟ್ಟೆಯಲ್ಲಿ ದುರಸ್ತಿಯಾಗಬೇಕಾಯಿತು. ಸುಲ್ತಾನನಿಗೆ ಸಲ್ಲಬೇಕಾದುದು ಅಷ್ಟರಲ್ಲಿ ಸಂದಿದ್ದಿತು. ಸಯಾಮಿನ ದೊರೆಗೆಂದು ತೆಗೆದಿರಿಸಿದ ಜೋಡಣೆಯು 1836ರಲ್ಲಿ ಬ್ಯಾಂಕಾಕನ್ನು ಮುಟ್ಟಿತು. ಅದೇ ವರ್ಷ ಮಕಾವಿನಲ್ಲಿ ರಾಬರ್ಟ್ಸನು ರೋಗದಿಂದ ಮೃತನಾದನು. ಮುಂದೆ 1804ರ ಡಾಲರು ಅಮೆರಿಕದ ಸಂಗ್ರಾಹಕರಿಗೆ ಮಹಾಸಮಸ್ಯೆಯಾಗಿ, ಅದು ನಿಜವಾಗಿ ಎಂದು ಅಚ್ಚಾಯಿತು, ಏಕೆ ಅಚ್ಚಾಯಿತು ಎಂಬ ವಾದವು ಒಂದು ಶತಮಾನಕ್ಕೂ ಮೀರಿ ನಡೆಯಿತು. 1962ರಲ್ಲಿ ಎರಿಕ್ ನ್ಯೂಮನ್ ಮತ್ತು ಕೆನೆತ್ ಬ್ರೆಸೆಟ್ ಎಂಬಿಬ್ಬರು ವಿದ್ವಾಂಸರು, ಅದು ರಾಜೋಪಚಾರಕ್ಕಾಗಿ ಮೂವತ್ತು ವರ್ಷ ತಡವಾಗಿ ಮುದ್ರಿತವಾದ ನಾಣ್ಯವೆಂದು ಪ್ರತಿಪಾದಿಸುವ ಗ್ರಂಥವನ್ನು ಅಚ್ಚಿಗೆ ಕೊಟ್ಟಿದ್ದ ವೇಳೆಗೆ ಸರಿಯಾಗಿ, ಸಯಾಮಿನ ದೊರೆಯ ಆ ಜೋಡಣೆಯೇ ಲಂಡನ್ನಿನಿಂದ ಬೆಳಕಿಗೆ ಬಂದಿತು. ಹಳದಿ ಚರ್ಮದ ತನ್ನ ಮೂಲ ಕರಡಿಗೆಯೊಡನೆಯೇ ಬಂದಿತು. 1834ರ ಇಸವಿಯುಳ್ಳ ಹೊಚ್ಚಹೊಸ ನಾಣ್ಯಗಳ ಪಂಕ್ತಿಯಲ್ಲಿ, ಅವುಗಳ ಒಡಹುಟ್ಟಿನಂತೆಯೇ ಹೊಳೆಯುತ್ತ, 1804ರ ಡಾಲರು ಕುಳಿತಿದ್ದಿತು.

ಈ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ಆ ಡಾಲರನ್ನು ಎಷ್ಟು ಸಲ ತೂಗಿ ನೋಡಿದರೂ, ಎಷ್ಟು ಸೂಕ್ಷ್ಮವಾದ ಭೂತಗನ್ನಡಿಯಿಂದ ಪರೀಕ್ಷಿಸಿದರೂ ಅದು ತನ್ನ ಪ್ರಯಾಣದ ಕಥೆಯನ್ನು ತಾನೇ ಹೇಳಲಾರದು. ಅದನ್ನು ಹೇಳಿದುದು ಅದರ ಸಹವಾಸ. ಆ ಸಹವಾಸವನ್ನು ಚದರಗೊಡದೆ ಸುಮಾರು ನೂರಿಪ್ಪತ್ತೈದು ವರ್ಷ ಹಿಡಿದಿಟ್ಟುದು ಒಂದು ಚರ್ಮದ ಕರಡಿಗೆ. ಆ ಕರಡಿಗೆಯನ್ನು ಯಾವನಾದರೂ ಒಡೆದು ನಾಣ್ಯಗಳನ್ನು ಬಿಡಿಬಿಡಿಯಾಗಿ ಮಾರಿದ್ದರೆ ಲೋಹವು ಒಂದು ಗುಲಗಂಜಿಯಷ್ಟೂ ನಷ್ಟವಾಗುತ್ತಿರಲಿಲ್ಲ. ಚರಿತ್ರೆಯೊಂದು ಮಾತ್ರ ನಷ್ಟವಾಗುತ್ತಿತ್ತು.

ಅರಸರಿಗೆ ಮೀಸಲಾಗಿದ್ದ ಈ ಸತ್ಕಾರವು ಪ್ರಜೆಗಳ ಪಾಲಿಗೂ ಕ್ರಮವಾಗಿ ಬಂದುದು ಸುಮಾರು 1858ರಿಂದೀಚೆಗೆ, ಟಂಕಸಾಲೆಯ ನಿರ್ದೇಶಕನಾಗಿದ್ದ ಜೇಮ್ಸ್ ರಾಸ್ ಸ್ನೋಡನ್ನನ ಕಾಲದಲ್ಲಿ. ಆ ಶತಮಾನವೆಲ್ಲ ಕೊಳ್ಳುವವರು ಕೆಲವೇ ನೂರು ಮಂದಿ. ನಾಣ್ಯದ ವ್ಯಾಸಂಗದಲ್ಲಿ ತೊಡಗಿದ ವಕೀಲರು, ವೈದ್ಯರು, ವರ್ತಕರು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಟಂಕಸಾಲೆಯು ಕನ್ನಡಿಯ ಹೊಳಪನ್ನು ಬಿಟ್ಟು ಮಂಕಾದ ಮೈಯ ಪ್ರೂಫ್ ನಾಣ್ಯಗಳನ್ನು ಹೊರಡಿಸಿದಾಗ ಅವರೂ ಬೇಸತ್ತರು. 1916ರ ಅನಂತರ ಆ ಪದ್ಧತಿಯೇ ನಿಂತುಹೋಯಿತು. ಇಪ್ಪತ್ತು ವರ್ಷಗಳ ಮೌನದ ತರುವಾಯ, ಖಜಾನೆಯ ಕಾರ್ಯದರ್ಶಿಯಾಗಿದ್ದ ಹೆನ್ರಿ ಮಾರ್ಗೆಂಥಾವನ ಅನುಮತಿಯಿಂದ 1936ರಲ್ಲಿ ಅದು ಪುನಃ ಆರಂಭವಾಯಿತು. ಈ ಸಲ ನಾಣ್ಯಗಳು ಸೆಲ್ಲೊಫೇನಿನ ಸಣ್ಣ ಚೀಲಗಳಲ್ಲಿ ಬಂದುವು. ಆ ವರ್ಷ ಮುದ್ರಿತವಾದ ಪ್ರೂಫ್ ಕಾಲುಡಾಲರುಗಳ ಸಂಖ್ಯೆ 3,837 ಮಾತ್ರ. 1942ರ ವೇಳೆಗೆ ಬೇಡಿಕೆಯು ಅದರ ಐದರಷ್ಟನ್ನು ಮೀರಿತ್ತಾದರೂ, ಮಹಾಯುದ್ಧದ ಒತ್ತಡದಲ್ಲಿ ಟಂಕಸಾಲೆಗೆ ಇಂತಹ ನಯಗಾರಿಕೆಗೆ ಬಿಡುವೆಲ್ಲಿ? ಪ್ರೂಫ್ ಮುದ್ರಣವು ಮತ್ತೊಮ್ಮೆ ನಿಂತಿತು.

1950ರಲ್ಲಿ ಅದು ಮರಳಿದಾಗ ಒಂದು ನೂತನ ನಿಯಮವು ಜಾರಿಗೆ ಬಂದಿತು: ನಾಣ್ಯಗಳನ್ನು ಬಿಡಿಯಾಗಿ ಕೊಡುವುದಿಲ್ಲ, ಸೆಂಟು, ನಿಕ್ಕಲ್ಲು, ಡೈಮು, ಕಾಲು, ಅರ್ಧ, ಈ ಐದೂ ಕೂಡಿದ ಸೆಟ್ಟನ್ನೇ ಕೊಳ್ಳಬೇಕು. ಐದರ ಮುಖಬೆಲೆ ಒಟ್ಟು 91 ಸೆಂಟು. ಸೆಟ್ಟಿನ ಬೆಲೆ 2 ಡಾಲರು 10 ಸೆಂಟು. ಒಂದೊಂದು ನಾಣ್ಯವನ್ನೂ ಒಂದೊಂದು ಪಾರದರ್ಶಕ ಚೀಲದಲ್ಲಿ ಹಾಕಿ, ಐದು ಚೀಲಗಳ ನೆತ್ತಿಗಳನ್ನೂ ಕೂಡಿಸಿ ಕಬ್ಬಿಣದ ಸ್ಟೇಪಲ್ ಪಿನ್ನೊಂದನ್ನು ಚುಚ್ಚಿ, ತೆಳುಗಾಗದದಲ್ಲಿ ಸುತ್ತಿ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಚೌಕದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮೇಲೆ ಅಂಟುಪಟ್ಟಿಯನ್ನು ಬಿಗಿದು ಅಂಚೆಗೆ ಹಾಕುತ್ತಿದ್ದರು. ಆ ಮೊದಲ ವರ್ಷ 51,386 ಸೆಟ್ಟುಗಳು ಹೊರಟುವು. ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡವರಿಗೆ ಅದರಲ್ಲಿ ವೈಭವವೇನೂ ಕಾಣಿಸದು. ಔಷಧದಂಗಡಿಯಿಂದ ಬಂದ ಪೊಟ್ಟಣದಂತಹ ನಿರಾಡಂಬರ ವಸ್ತುವದು. ಅದೇ ಶತಮಾನದಲ್ಲಿ, 1937ರ ಪಟ್ಟಾಭಿಷೇಕದ ಸಂದರ್ಭದಲ್ಲಿ ಲಂಡನ್ನಿನ ರಾಜಟಂಕಸಾಲೆಯು ಹದಿನೈದು ನಾಣ್ಯಗಳನ್ನು ಗುಳಿಗಳಿರುವ ಕರಡಿಗೆಯಲ್ಲಿ ಕೂಡಿಸಿ ಮಾರಿದ ಗಾಂಭೀರ್ಯಕ್ಕೂ ಇದಕ್ಕೂ ಬಹಳ ದೂರ. ಒಂದರಲ್ಲಿ ಸಿಂಹಾಸನದ ಪರಂಪರೆ, ಇನ್ನೊಂದರಲ್ಲಿ ಅಂಚೆಕಚೇರಿಯ ವ್ಯವಹಾರದೃಷ್ಟಿ. ಹೊದಿಕೆಯನ್ನು ನೋಡಿಯೇ ರಾಜ್ಯದ ಸ್ವಭಾವವನ್ನು ಊಹಿಸಬಹುದು.

1955ನೆಯ ವರ್ಷವು ಈ ಚರಿತ್ರೆಯಲ್ಲಿ ಸಂಧಿಕಾಲ. ಆ ವರ್ಷದ ನಡುವೆ ಟಂಕಸಾಲೆಯು ಪೆಟ್ಟಿಗೆಯನ್ನು ಬಿಟ್ಟು, ಪ್ಲಯೊಫಿಲ್ಮ್ ಎಂಬ ಪಾರದರ್ಶಕ ಹಾಳೆಯಲ್ಲಿ ಐದು ನಾಣ್ಯಗಳನ್ನೂ ಟಂಕಸಾಲೆಯ ಹೆಸರಿನ ಮುದ್ರಿಕೆಯೊಂದನ್ನೂ ಬೇರೆಬೇರೆ ಕೋಶಗಳಲ್ಲಿ ಬೆಸೆದು, ರಟ್ಟಿನ ಆಸರೆಕೊಟ್ಟು, ಚಪ್ಪಟೆಯಾದ ಲಕೋಟೆಯೊಳಗೆ ಸೇರಿಸಿ ಕಳುಹಿಸತೊಡಗಿತು. ಹೀಗಾಗಿ 1955ರ ಸೆಟ್ಟು ಪೆಟ್ಟಿಗೆಯಲ್ಲಿಯೂ ಉಂಟು, ಲಕೋಟೆಯಲ್ಲಿಯೂ ಉಂಟು. ಒಳಗಿನ ನಾಣ್ಯಗಳು ಒಂದೇ ಆದರೂ ಸಂಗ್ರಾಹಕನು ಎರಡನ್ನೂ ಬೇರೆಬೇರೆಯಾಗಿ ಬಯಸುತ್ತಾನೆ. ನಾಣ್ಯದಿಂದ ಬೇರ್ಪಟ್ಟು ಹೊದಿಕೆಯು ತಾನೇ ಸಂಗ್ರಹಯೋಗ್ಯವಾದುದು ಇಲ್ಲಿಂದ ಸ್ಪಷ್ಟವಾಗುತ್ತದೆ.

ಲಕೋಟೆಯು ಅಗ್ಗ, ಹಗುರ, ಜೋಡಿಸಿಡಲು ಸುಲಭ. 1957ರಲ್ಲಿ ಮಾರಾಟವು 12,47,952 ಸೆಟ್ಟುಗಳಿಗೇರಿತು. ಅಂದರೆ ಏಳು ವರ್ಷಗಳಲ್ಲಿ ಇಪ್ಪತ್ತನಾಲ್ಕರಷ್ಟು. ಹವ್ಯಾಸದ ನೆರಳಿನಲ್ಲಿ ಲಾಭಾಕಾಂಕ್ಷೆಯು ಬೆಳೆಯಿತೆಂದು ಬೇರೆ ಹೇಳಬೇಕಾಗಿಲ್ಲ. ಟಂಕಸಾಲೆಯಿಂದ ಬಂದ ಲಕೋಟೆಗಳನ್ನು ಒಡೆಯದೆಯೇ ಕಟ್ಟುಕಟ್ಟಾಗಿ ಇಟ್ಟುಕೊಂಡು, ವರ್ಷ ಕಳೆದಮೇಲೆ ಹೆಚ್ಚಿನ ಬೆಲೆಗೆ ಮಾರುವವರು ಹುಟ್ಟಿಕೊಂಡರು. ಒಡೆಯದ ಲಕೋಟೆಗೆ ಒಡೆದ ಲಕೋಟೆಗಿಂತ ಬೆಲೆ ಹೆಚ್ಚು. ಏಕೆಂದರೆ ಒಳಗೆ ದೋಷವಿಲ್ಲದ ನಾಣ್ಯಗಳಿರಬಹುದು, ಅಪೂರ್ವ ಭೇದವೊಂದು ಅಡಗಿರಲೂಬಹುದು. 1960ರ ಸೆಂಟಿನಲ್ಲಿ ಇಸವಿಯ ಅಂಕಿಗಳು ಚಿಕ್ಕವಾಗಿಯೂ ದೊಡ್ಡವಾಗಿಯೂ ಎರಡು ಬಗೆಯಾಗಿ ಬಂದುದು ಈ ಆಸೆಗೆ ಇಂಧನವಾಯಿತು. ಕಂಡರೆ ಮೌಲ್ಯ ಕುಗ್ಗುವ, ಕಾಣದಿದ್ದರೆ ಮೌಲ್ಯ ಹಿಗ್ಗುವ ವಸ್ತುವಿನ ವ್ಯಾಪಾರವಿದು. ಅಂಟುಪಟ್ಟಿಯನ್ನು ಉಪಾಯದಿಂದ ಬಿಡಿಸಿ, ಒಳ್ಳೆಯ ನಾಣ್ಯವನ್ನು ತೆಗೆದು ಸಾಧಾರಣವಾದುದನ್ನಿಟ್ಟು, ಪುನಃ ಅಂಟಿಸಿ ಒಡೆಯದ ಪೆಟ್ಟಿಗೆಯೆಂದು ಮಾರುವ ಚತುರರೂ ಇದ್ದರಾದುದರಿಂದ, ಪಟ್ಟಿಯ ಅಂಟು, ಕಾಗದದ ಮಡಿಕೆ, ಪಿನ್ನು ಚುಚ್ಚಿದ ರಂಧ್ರ ಇವನ್ನು ಪರೀಕ್ಷಿಸುವುದೇ ಒಂದು ವಿದ್ಯೆಯಾಯಿತು.

1964ರಲ್ಲಿ ಕೆನೆಡಿಯ ಮುಖಮುದ್ರೆಯ ಅರ್ಧಡಾಲರು ಬಂದು, 39,50,762 ಸೆಟ್ಟುಗಳು ಮಾರಾಟವಾದುವು. ಆಗಲೇ ದೇಶದಲ್ಲಿ ಚಿಲ್ಲರೆಯ ಅಭಾವ. ಬೆಳ್ಳಿಯ ಬೆಲೆಯ ಏರಿಕೆ. ಟಂಕಸಾಲೆಯ ನಿರ್ದೇಶಕಿಯಾಗಿದ್ದ ಇವಾ ಆಡಮ್ಸ್ ಅವರು ಚಿಲ್ಲರೆಯ ಅಭಾವದ ಹೊಣೆಯನ್ನು ಬಹುಮಟ್ಟಿಗೆ ಸಂಗ್ರಾಹಕರ ಮೇಲೆ ಹೊರಿಸಿದರು. 1965ರ ಜುಲೈ 23ರ ನಾಣ್ಯಶಾಸನವು ಡೈಮು ಮತ್ತು ಕಾಲುಡಾಲರುಗಳಿಂದ ಬೆಳ್ಳಿಯನ್ನು ತೆಗೆದುಹಾಕಿತು. ಯಾವ ಟಂಕಸಾಲೆಯದೆಂಬ ಗುರುತಿನ ಅಕ್ಷರವೂ ಕೆಲಕಾಲ ಮಾಯವಾಯಿತು. ಪ್ರೂಫ್ ಸೆಟ್ಟುಗಳು ನಿಂತುವು. ಅವುಗಳ ಸ್ಥಾನದಲ್ಲಿ 1965ರಿಂದ 1967ರವರೆಗೆ ವಿಶೇಷ ಸೆಟ್ಟುಗಳೆಂಬ ಮಧ್ಯಮ ದರ್ಜೆಯ ಜೋಡಣೆಗಳು 4 ಡಾಲರಿಗೆ ಮಾರಲ್ಪಟ್ಟುವು. ನಾಣ್ಯದ ಗುಣವು ಇಳಿದ ಆ ವರ್ಷಗಳಲ್ಲಿಯೇ ಹೊದಿಕೆಯ ಗುಣವು ಏರಿದುದು ಗಮನಾರ್ಹ: 1966ರಲ್ಲಿ ಗಟ್ಟಿಯಾದ ಪ್ಲಾಸ್ಟಿಕ್ಕಿನ ಕೋಶವೂ ಅದರ ಮೇಲೊಂದು ರಟ್ಟಿನ ಕವಚವೂ ಬಂದುವು. 1968ರಲ್ಲಿ ಪ್ರೂಫ್ ಸೆಟ್ಟುಗಳು ಫಿಲಡೆಲ್ಫಿಯವನ್ನು ತೊರೆದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪುನರ್ಜನ್ಮವೆತ್ತಿದಾಗ ಗಟ್ಟಿಕೋಶವೇ ಕ್ರಮವಾಯಿತು. ಬೆಲೆಯು 5 ಡಾಲರಾಯಿತು.

ಪ್ರೂಫ್ ಸೆಟ್ಟಿಗೆ ಸಮಾನಾಂತರವಾಗಿ, ಚಲಾವಣೆಗೆಂದೇ ಅಚ್ಚಾದ ನಾಣ್ಯಗಳನ್ನು ಯಾರ ಕೈಗೂ ಸೋಕಿಸದೆ ಜೋಡಿಸಿ ಮಾರುವ ಪದ್ಧತಿಯೂ 1947ರಿಂದ ನಡೆದುಬಂದಿತು. 1958ರವರೆಗೆ ಈ ಸೆಟ್ಟುಗಳಲ್ಲಿ ಪ್ರತಿಯೊಂದು ಟಂಕಸಾಲೆಯ ಪ್ರತಿಯೊಂದು ನಾಣ್ಯವೂ ಎರಡೆರಡು. ಒಂದರ ಮುಂಭಾಗವೂ ಇನ್ನೊಂದರ ಹಿಂಭಾಗವೂ ಏಕಕಾಲದಲ್ಲಿ ಕಾಣಿಸಲೆಂಬ ಸೌಜನ್ಯ. ಇವನ್ನು ರಂಧ್ರಗಳನ್ನು ಕೊರೆದ ರಟ್ಟಿನ ಫಲಕಗಳಲ್ಲಿ ಕೂರಿಸುತ್ತಿದ್ದರು. ಆ ರಟ್ಟಿನಲ್ಲಿ ಗಂಧಕದ ಅಂಶವಿದ್ದಿತು. ಗಂಧಕಕ್ಕೂ ಬೆಳ್ಳಿಗೂ ಇರುವ ಸ್ನೇಹವೋ ದ್ವೇಷವೋ ನಮ್ಮ ಮನೆಗಳಲ್ಲಿ ಬೆಳ್ಳಿಯ ದೀಪದ ಕಂಬಗಳನ್ನು ಬೆಳಗುವ ಹೆಂಗಸರಿಗೆ ಚೆನ್ನಾಗಿ ಗೊತ್ತು. ವರ್ಷಾಂತರದಲ್ಲಿ ಆ ನಾಣ್ಯಗಳ ಮೇಲೆ ಬೆಳ್ಳಿಯ ಸಲ್ಫೈಡಿನ ತೆಳುಪದರವು ಹರಡಿ, ಅಂಚಿನಿಂದ ನಡುವಿಗೆ ಹೊನ್ನು, ಕೆಂಪು, ನೀಲಿ, ಹಸುರು ಛಾಯೆಗಳು ಕಾಮನಬಿಲ್ಲಿನಂತೆ ಮೂಡಿದುವು. ಮೊದಮೊದಲು ಇದನ್ನು ಕೊಳೆಯೆಂದು ಭಾವಿಸಿ ದ್ರಾವಕದಲ್ಲಿ ಅದ್ದಿ ತೊಳೆದವರೇ ಹೆಚ್ಚು. ಬರುಬರುತ್ತ ಅಭಿರುಚಿಯು ಪಲ್ಲಟಗೊಂಡು, ಅದೇ ಬಣ್ಣವು ಮೂಲ ಫಲಕದಲ್ಲಿ ದಶಕಗಟ್ಟಲೆ ಕುಳಿತುದರ ಪ್ರಮಾಣವೆಂದು ಪರಿಗಣಿತವಾಗಿ, ಬಣ್ಣವೇರಿದ ನಾಣ್ಯಕ್ಕೆ ಬಿಳಿಯ ನಾಣ್ಯಕ್ಕಿಂತ ಅಧಿಕ ಬೆಲೆ ಬಂದಿತು. ತೊಳೆದವರು ತಾವು ತೊಳೆದುದೇನೆಂಬುದನ್ನು ಆಗ ಮನಗಂಡರು.

ಎಲ್ಲ ಹೊದಿಕೆಗಳ ಪ್ರಭಾವವೂ ಇಷ್ಟು ಸುಂದರವಲ್ಲ. 1950ರ ದಶಕದ ಪೆಟ್ಟಿಗೆಯಲ್ಲಿನ ಸ್ಟೇಪಲ್ ಪಿನ್ನು ಕಬ್ಬಿಣದ್ದು. ತೇವ ತಾಕಿದರೆ ತುಕ್ಕು ಹಿಡಿದು, ಆ ತುಕ್ಕು ಚೀಲದ ನೆತ್ತಿಯಿಂದ ಒಳಗಿಳಿಯುತ್ತದೆ. ಪಿನ್ನನ್ನು ಅವಸರದಿಂದ ಕೀಳಲು ಹೋದರೆ ಅದರ ಮೊನೆಯು ಕನ್ನಡಿಯಂತಹ ಮೈಯನ್ನು ಗೀರುತ್ತದೆ. ಸೆಲ್ಲೊಫೇನು ಮುಪ್ಪಾದಂತೆ ಗಡಸಾಗಿ ಸುಕ್ಕುಗಟ್ಟಿ ಸಿಡಿಯುತ್ತದೆ. ಪ್ಲಯೊಫಿಲ್ಮ್ ಎಂಬುದು ರಬ್ಬರಿನಿಂದಲೂ ಹೈಡ್ರೊಕ್ಲೋರಿಕ್ ಆಮ್ಲದಿಂದಲೂ ಮಾಡಿದ ವಸ್ತು. ಹಳೆಯದಾದಂತೆಲ್ಲ ಅದು ಆ ಆಮ್ಲವನ್ನು ಅಲ್ಪಸ್ವಲ್ಪವಾಗಿ ಹೊರಬಿಡುತ್ತದೆ. ಇವೆಲ್ಲಕ್ಕಿಂತ ಕ್ರೂರವಾದುದು ಸಂಗ್ರಾಹಕರು ತಾವೇ ಅಂಗಡಿಯಿಂದ ಕೊಂಡು ತಂದ ಮೆತ್ತನೆಯ ಪಿ.ವಿ.ಸಿ. ಚೀಲ. ಅದನ್ನು ಮೆತ್ತಗಾಗಿಸಲು ಬೆರೆಸಿದ ಎಣ್ಣೆಯಂತಹ ದ್ರವ್ಯವು ಒಸರಿ, ನಾಣ್ಯದ ಮೇಲೆ ಹಸುರು ಬಣ್ಣದ ಜಿಗುಟು ಪದರವಾಗಿ ಕೂಡುತ್ತದೆ. ಬೇಗನೆ ಕಂಡರೆ ಅಸಿಟೋನಿನಲ್ಲಿ ಅದ್ದಿ ತೆಗೆಯಬಹುದು. ತಡವಾದರೆ ಅದು ಲೋಹವನ್ನೇ ಕೊರೆದು ಕಿಲುಬಾಗುತ್ತದೆ. ನಾಣ್ಯವನ್ನು ರಕ್ಷಿಸುವ ಸಂಕಲ್ಪದಿಂದ ಮಾಡಿದ ಕಾರ್ಯಗಳೇ ಅದರ ವಿನಾಶಕ್ಕೆ ಕಾರಣವಾದ ಉದಾಹರಣೆಗಳು ಈ ಹವ್ಯಾಸದಲ್ಲಿ ಹೇರಳವಾಗಿವೆ.

ಹೊದಿಕೆಯ ಪ್ರಾಮಾಣ್ಯವು ಪರಾಕಾಷ್ಠೆಗೆ ಮುಟ್ಟಿದುದು ಕಾರ್ಸನ್ ಸಿಟಿಯ ಡಾಲರುಗಳ ವಿಷಯದಲ್ಲಿ. ನೆವಾಡದ ಬೆಳ್ಳಿಯ ಗಣಿಗಳ ಸಮೀಪದಲ್ಲಿದ್ದ ಕಾರ್ಸನ್ ಸಿಟಿಯ ಟಂಕಸಾಲೆಯು 1870ರಿಂದ 1893ರವರೆಗೆ ನಾಣ್ಯ ಮುದ್ರಿಸಿತು. ಅಲ್ಲಿ ಅಚ್ಚಾದ ಡಾಲರುಗಳಲ್ಲಿ ಬಹುಭಾಗವು ಎಂದಿಗೂ ಜನರ ಕೈಗೆ ಬಾರದೆ ಚೀಲಗಳಲ್ಲಿಯೇ ಖಜಾನೆಯ ನೆಲಮಾಳಿಗೆಗಳನ್ನು ಸೇರಿದುವು. 1964ರ ಮಾರ್ಚಿಯಲ್ಲಿ ಜನರು ಖಜಾನೆಯ ಮುಂದೆ ಸಾಲುಗಟ್ಟಿ ನಿಂತು ಕಾಗದದ ಹಣವನ್ನು ಕೊಟ್ಟು ಬೆಳ್ಳಿಯ ಡಾಲರುಗಳನ್ನು ಪಡೆಯುತ್ತಿದ್ದಾಗ, ವಿತರಣೆಯನ್ನು ತಡೆದು ನೋಡಿದರೆ ಉಳಿದಿದ್ದುದು ಸುಮಾರು 29 ಲಕ್ಷ. ಅವುಗಳಲ್ಲಿ ಅಧಿಕಾಂಶವು ಕಾರ್ಸನ್ ಸಿಟಿಯವು. ಇವನ್ನು ಒಂದು ಡಾಲರಿಗೆ ಒಂದರಂತೆ ಹಂಚಿದರೆ ಅನ್ಯಾಯ, ಕರಗಿಸಿದರೆ ಅವಿವೇಕ. 1970ರ ಕೊನೆಯ ದಿನ ಅಂಕಿತವಾದ ಶಾಸನವೊಂದರಿಂದ ಅವುಗಳ ವಿಲೇವಾರಿಯು ಜನರಲ್ ಸರ್ವೀಸಸ್ ಅಡ್ಮಿನಿಸ್ಟ್ರೇಷನ್ ಎಂಬ ಇಲಾಖೆಗೆ ಬಂದಿತು. ಕಟ್ಟಡಗಳ ಬಾಡಿಗೆ, ಕುರ್ಚಿಮೇಜುಗಳ ಖರೀದಿ ಮೊದಲಾದುವನ್ನು ನೋಡಿಕೊಳ್ಳತಕ್ಕ ಆ ಇಲಾಖೆಯು, ಡಾಲರುಗಳಲ್ಲಿ ಬಹುಪಾಲನ್ನು ಒಂದೊಂದಾಗಿ ಗಟ್ಟಿಪ್ಲಾಸ್ಟಿಕ್ಕಿನ ಕೋಶದಲ್ಲಿಟ್ಟು, ಡಬ್ಬಿಯೊಂದರಲ್ಲಿ ಅಧ್ಯಕ್ಷ ನಿಕ್ಸನ್ನರ ಸಂದೇಶದ ಚೀಟಿಯೊಡನೆ ಸೇರಿಸಿ, 1972ರಿಂದ 1980ರವರೆಗೆ ಹಲವು ಕಂತುಗಳಲ್ಲಿ ಅಂಚೆಯ ಮೂಲಕ ಮಾರಿತು.

ಆರಂಭದಲ್ಲಿ ಕೊಂಡವರು ಆ ಕೋಶವನ್ನು ಲೆಕ್ಕಿಸಲಿಲ್ಲ. ಒಡೆದು ನಾಣ್ಯವನ್ನು ತೆಗೆದು ತಮ್ಮ ಪುಸ್ತಕದ ರಂಧ್ರದಲ್ಲಿ ಕೂರಿಸಿದರು. 1980ರ ದಶಕದ ಉತ್ತರಾರ್ಧದಲ್ಲಿ ನಾಣ್ಯಗಳಿಗೆ ದರ್ಜೆ ನಿರ್ಣಯಿಸಿ ತಮ್ಮದೇ ಕೋಶದಲ್ಲಿ ಮುಚ್ಚಿಕೊಡುವ ಸಂಸ್ಥೆಗಳು ಹುಟ್ಟಿದಮೇಲೆ ಇನ್ನಷ್ಟು ಕೋಶಗಳು ಒಡೆದುವು. 1884ರಲ್ಲಿ ಕಾರ್ಸನ್ ಸಿಟಿಯಲ್ಲಿ ಅಚ್ಚಾದ ಡಾಲರುಗಳಲ್ಲಿ ನಾಲ್ಕನೆಯ ಮೂರು ಪಾಲಿಗೂ ಹೆಚ್ಚು ಈ ಸರ್ಕಾರಿ ಮಾರಾಟದಲ್ಲಿಯೇ ಹೊರಬಂದುದರಿಂದ ನಾಣ್ಯವೇನೋ ವಿರಳವಲ್ಲ. ಒಡೆಯದ ಕೋಶ, ಹರಿಯದ ಡಬ್ಬಿ, ಕಳೆಯದ ಚೀಟಿ ಇವು ಮೂರೂ ಕೂಡಿದುದು ಮಾತ್ರ ವಿರಳವಾಗುತ್ತ ಹೋಯಿತು. ಕೊನೆಗೆ ದರ್ಜೆ ನಿರ್ಣಯಿಸುವ ಸಂಸ್ಥೆಯೊಂದು ಸರ್ಕಾರದ ಕೋಶವನ್ನು ಒಡೆಯದೆ, ಅದರ ಸುತ್ತ ತನ್ನ ಪಟ್ಟಿಯನ್ನು ಕಟ್ಟಿ ಪ್ರಮಾಣಪತ್ರ ಕೊಡುವ ಕ್ರಮವನ್ನು ಕಂಡುಹಿಡಿಯಿತು. ಓಲೆಗರಿಯ ಗ್ರಂಥವನ್ನು ಪಡೆದವನು ಅದರ ಹಲಗೆಗಳನ್ನೂ ದಾರವನ್ನೂ ಎಸೆದು ಗರಿಗಳನ್ನಷ್ಟೇ ಉಳಿಸಿಕೊಂಡರೆ, ಅಕ್ಷರವೊಂದೂ ನಷ್ಟವಾಗದಿದ್ದರೂ ಗರಿಗಳ ಕ್ರಮವು ತಪ್ಪುವ ಹಾಗೆ, ಇಲ್ಲಿಯೂ ನಷ್ಟವು ವಸ್ತುವಿನದಲ್ಲ, ಸಂಬಂಧದ್ದು ಎಂಬ ತಿಳಿವಳಿಕೆಯು ಮಾರುಕಟ್ಟೆಗೂ ಬಂದಿತು.

ಭಾರತದ ಅನುಭವವು ಇದಕ್ಕಿಂತ ಭಿನ್ನವಾಗಿದ್ದರೂ ಸಂಬಂಧರಹಿತವಲ್ಲ. ಬ್ರಿಟಿಷರ ಕಾಲದಲ್ಲಿ ಕಲಕತ್ತೆ ಮತ್ತು ಮುಂಬಯಿಯ ಟಂಕಸಾಲೆಗಳು ಸಂಗ್ರಾಹಕರ ಕೋರಿಕೆಯ ಮೇರೆಗೆ ಹಳೆಯ ಅಚ್ಚುಗಳಿಂದಲೇ ಹಳೆಯ ಇಸವಿಯ ನಾಣ್ಯಗಳನ್ನು ಮತ್ತೆ ಮುದ್ರಿಸಿ ಕೊಡುತ್ತಿದ್ದುವು. ಸದುದ್ದೇಶದ ಈ ಸೌಲಭ್ಯವು ಇಂದಿನ ಅಭ್ಯಾಸಿಗಳಿಗೆ ದೊಡ್ಡ ತೊಡಕಾಗಿದೆ: ಮೂಲದ ಪ್ರೂಫ್ ನಾಣ್ಯವಾವುದು, ದಶಕಗಳ ಅನಂತರ ಅದೇ ಅಚ್ಚಿನಿಂದ ತೆಗೆದ ಮರುಮುದ್ರಣವಾವುದು ಎಂಬುದನ್ನು ಲೋಹದ ಮೈಯಿಂದ ನಿರ್ಣಯಿಸುವುದು ಕಷ್ಟ. ಆ ನಾಣ್ಯಗಳನ್ನು ಕಳುಹಿಸಿದ ಪೊಟ್ಟಣಗಳೂ ಜೊತೆಯ ಕಾಗದಪತ್ರಗಳೂ ಉಳಿದಿದ್ದರೆ ಈ ಜಿಜ್ಞಾಸೆಯ ಬಹುಭಾಗವು ನಿವಾರಣೆಯಾಗುತ್ತಿತ್ತು.

ಗಣರಾಜ್ಯದ ಪ್ರಥಮ ನಾಣ್ಯಗಳು 1950ರಲ್ಲಿ ಹೊರಟಾಗ, ರೂಪಾಯಿಯಿಂದ ಪೈಸದವರೆಗಿನ ಏಳು ನಾಣ್ಯಗಳ ಪ್ರೂಫ್ ಸೆಟ್ಟೂ ಸಿದ್ಧವಾಯಿತು. ದೊರೆಯ ಮುಖದ ಸ್ಥಾನದಲ್ಲಿ ಅಶೋಕನ ಸಿಂಹಗಳು ನಿಂತ ಆ ಸೆಟ್ಟು ಒಂದು ಯುಗಾಂತರದ ಲೇಖ್ಯ. 1964ರಲ್ಲಿ ನೆಹರೂ ಅವರ, 1969ರಲ್ಲಿ ಗಾಂಧೀಜಿಯ ಸ್ಮಾರಕ ನಾಣ್ಯಗಳು ಬಂದುವು. ಎರಡನೆಯ ಸಂದರ್ಭದಲ್ಲಿ 15 ಗ್ರಾಮು ತೂಕದ ಬೆಳ್ಳಿಯ ಹತ್ತು ರೂಪಾಯಿಯೂ ಇದ್ದಿತು. 1970ರಿಂದ ಮುಂದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಯೋಜನೆಗೆ ಹೊಂದಿಕೊಂಡು, ಎಲ್ಲರಿಗೂ ಅನ್ನ, ಹೆಚ್ಚು ಆಹಾರ ಬೆಳೆಯಿರಿ, ಮಿತ ಸಂಸಾರ, ಮಹಿಳಾ ವರ್ಷ ಮೊದಲಾದ ಘೋಷಗಳ ನಾಣ್ಯಗಳು ಹೆಚ್ಚುಕಡಿಮೆ ವರ್ಷಕ್ಕೊಂದರಂತೆ ಹೊರಬಿದ್ದುವು. ಮುಂಬಯಿಯ ಟಂಕಸಾಲೆಯು ಚಲಾವಣೆಯ ನಾಣ್ಯಕ್ಕೆ ವಜ್ರಾಕೃತಿಯನ್ನೂ ಪ್ರೂಫ್ ನಾಣ್ಯಕ್ಕೆ ‘ಬಿ’ ಅಕ್ಷರವನ್ನೂ ಗುರುತಾಗಿಟ್ಟುಕೊಂಡಿತ್ತು. ನಗರದ ಹೆಸರು ಬದಲಾದಮೇಲೆ ಅದು ‘ಎಂ’ ಆಯಿತು. 2006ರಲ್ಲಿ ಬಸವೇಶ್ವರರ ಸ್ಮಾರಕ ನಾಣ್ಯವು ಐದು ರೂಪಾಯಿಯಾಗಿ ಅಂಗಡಿಗಳಲ್ಲಿ ಓಡಾಡಿತು. ನೂರು ರೂಪಾಯಿಯಾಗಿ ಸೆಟ್ಟಿನ ಪೆಟ್ಟಿಗೆಯಲ್ಲಿ ನೆಲೆನಿಂತಿತು. ಸ್ಥಾವರ ಜಂಗಮಗಳ ಭೇದವನ್ನು ಬೋಧಿಸಿದ ಮಹಾಪುರುಷನ ಮುದ್ರೆಯು ಹೀಗೆ ಎರಡು ಗತಿಗಳನ್ನೂ ಪಡೆದುದು ಕನ್ನಡಿಗನಿಗೆ ಚಿಂತನೀಯವಾದ ಆಕಸ್ಮಿಕ.

ನಮ್ಮ ದೇಶದಲ್ಲಿ ಹೊದಿಕೆಯ ಸಮಸ್ಯೆಗೆ ಋತುಮಾನವೂ ಸೇರಿಕೊಳ್ಳುತ್ತದೆ. ನೆವಾಡದ ಒಣಗಾಳಿಯಲ್ಲಿ ಎಂಬತ್ತು ವರ್ಷ ಕೆಡದೆ ಉಳಿಯಬಹುದಾದ ವಸ್ತುವು ಕರಾವಳಿಯಲ್ಲಿಯೋ ಮಲೆನಾಡಿನಲ್ಲಿಯೋ ನಾಲ್ಕಾರು ಮಳೆಗಾಲಗಳನ್ನು ಕಳೆಯುವಷ್ಟರಲ್ಲಿ ಬೂಷ್ಟು ಹಿಡಿಯುತ್ತದೆ. ರಟ್ಟು ತೇವವನ್ನು ಹೀರುತ್ತದೆ, ವೆಲ್ವೆಟ್ಟಿನ ಅಂಟು ಬಿಡುತ್ತದೆ, ಹುಳುಗಳು ಕಾಗದವನ್ನು ತಿನ್ನುತ್ತವೆ. ಇಂತಲ್ಲಿ ಮೂಲದ ಪೆಟ್ಟಿಗೆಯನ್ನು ಮುಟ್ಟಲೇಕೂಡದೆಂಬ ನಿಷ್ಠೆಯು ಅಂಧನಿಷ್ಠೆಯಾದೀತು. ಪೆಟ್ಟಿಗೆಯನ್ನು ಎಸೆದು ನಾಣ್ಯವನ್ನಷ್ಟೇ ಕಾಪಾಡಿದರಾಯಿತೆಂಬುದು ಚರಿತ್ರೆಗೆ ಮಾಡುವ ದ್ರೋಹವಾದೀತು.

ವಿವೇಕದ ಮಾರ್ಗವು ಇವೆರಡರ ನಡುವೆ ಇದೆ. ಅದನ್ನು ಅನುಭವಿಗಳು ಅನುಸರಿಸುತ್ತಲೂ ಇದ್ದಾರೆ. ಹೊದಿಕೆಯು ನಾಣ್ಯಕ್ಕೆ ಅಪಾಯಕಾರಿಯಲ್ಲದಿದ್ದರೆ ಒಡೆಯದೆ, ಇಡಿಯಾಗಿ ಪಾಲಿಯೆಸ್ಟರ್ ಹಾಳೆಯ ಹೊರಕವಚದಲ್ಲಿಟ್ಟು, ತೇವ ಹೀರುವ ಸಿಲಿಕಾ ಪೊಟ್ಟಣದೊಡನೆ ಬಿಸಿಲು ತಾಕದೆಡೆ ಇಡತಕ್ಕದ್ದು. ಅಪಾಯಕಾರಿಯಾಗಿದ್ದರೆ, ಬಿಚ್ಚುವುದಕ್ಕೆ ಮುನ್ನ ಅದು ಹೇಗಿತ್ತೆಂಬುದರ ಛಾಯಾಚಿತ್ರವನ್ನು ತೆಗೆದು, ಪಿನ್ನನ್ನು ಎಳೆಯದೆ ಅದರ ಕಾಲುಗಳನ್ನು ಹಿಂದಿನಿಂದ ನೆಟ್ಟಗೆ ಮಾಡಿ ಬಿಡಿಸಿ, ನಾಣ್ಯಗಳನ್ನು ಅಂಚಿನಲ್ಲಿ ಮಾತ್ರ ಹಿಡಿದು ನಿರಪಾಯವಾದ ಕೋಶಗಳಿಗೆ ವರ್ಗಾಯಿಸಿ, ಚೀಲ, ತೆಳುಗಾಗದ, ಚೀಟಿ, ಲಕೋಟೆ ಎಲ್ಲವನ್ನೂ ಬೇರೆಯಾಗಿ, ಆದರೆ ಒಂದೇ ಸಂಖ್ಯೆಯ ಗುರುತಿನಡಿಯಲ್ಲಿ ಸಂರಕ್ಷಿಸತಕ್ಕದ್ದು. ನಾಣ್ಯವನ್ನು ಉಜ್ಜುವುದು ಮಾತ್ರ ಯಾವ ಸಂದರ್ಭದಲ್ಲಿಯೂ ಸಲ್ಲದು. ಕಳೆದ ಮೈಯನ್ನು ಯಾವ ಟಂಕಸಾಲೆಯೂ ಮರಳಿ ಕೊಡಲಾರದು.

ಇಷ್ಟು ಶ್ರಮವೇಕೆಂದು ಯಾರಾದರೂ ಕೇಳಿಯಾರು. ಲೋಹವು ಗಟ್ಟಿ, ಅದು ಹೇಗೋ ತನ್ನನ್ನು ತಾನು ಉಳಿಸಿಕೊಳ್ಳುತ್ತದೆ. ಅಮೆರಿಕದ ಟಂಕಸಾಲೆಯು 1964ರಲ್ಲಿ ಹಂಚಿದ ಸುಮಾರು ನಲವತ್ತು ಲಕ್ಷ ಸೆಟ್ಟುಗಳಲ್ಲಿ ನಾಣ್ಯಗಳ ಕೊರತೆ ಎಂದಿಗೂ ಆಗದು. ದುರ್ಬಲವಾದುದು ಕಾಗದ, ರಟ್ಟು, ಅಂಟು, ಹಾಳೆ. ಅವುಗಳಲ್ಲಿ ಒಂದು ಪೀಳಿಗೆಯ ಅಭಿರುಚಿಯೂ, ಅದರ ಕೈಗಾರಿಕೆಯ ಸ್ಥಿತಿಯೂ, ಸರ್ಕಾರವು ತನ್ನ ಪ್ರಜೆಯನ್ನು ಯಾವ ಬಗೆಯಿಂದ ಕಂಡಿತೆಂಬುದೂ ಅಡಗಿವೆ. ನಮ್ಮ ವಸ್ತುಸಂಗ್ರಹಾಲಯಗಳು ನಾಣ್ಯದ ತೂಕ, ವ್ಯಾಸ, ಲೋಹ, ಲಿಪಿ ಇವನ್ನು ನಮೂದಿಸುವ ಸೂಚಿಯಲ್ಲಿ ಹೊದಿಕೆಗೂ ಒಂದು ಕಲಮನ್ನು ತೆರೆಯುವುದು ಕಷ್ಟದ ಕೆಲಸವೇನಲ್ಲ. 1950ರ ಸೆಟ್ಟನ್ನೋ 1969ರ ಗಾಂಧಿ ನಾಣ್ಯಗಳನ್ನೋ ತಂದೆಯ ಕಾಲದ ಪೆಟ್ಟಿಗೆಯೊಡನೆ ಹೊಂದಿರುವ ಮನೆತನಗಳು ಆ ಪೆಟ್ಟಿಗೆಯೊಳಗಿನ ಚೀಟಿಯನ್ನು ಎಸೆಯದಿರುವುದು ಅದಕ್ಕಿಂತಲೂ ಸುಲಭ. ಮುಂದಿನ ಚರಿತ್ರಕಾರನಿಗೆ ನಾಣ್ಯವನ್ನು ಕೊಳ್ಳಲು ಹಣ ಸಾಕು; ಈ ಚೀಟಿಯನ್ನು ನಾವು ಉಳಿಸಿದ್ದರೆ ಮಾತ್ರ ಅವನಿಗೆ ಸಿಕ್ಕೀತು.